ತಪ್ಪು ನನ್ನ ಹೆಸರಿನದಲ್ಲ

ನನ್ನ ಹೆಸರಿನ ನಡುವೆ ಉರ್ದುವಿನ ‘ಐನ್’ ಅಕ್ಷರವಿದೆ. ಇಂಗ್ಲಿಷಿನಲ್ಲಿ ಅದಕ್ಕೆ ಅಪಾಸ್ಟ್ರಫಿ ಹಾಕುತ್ತಾರೆ; ನನ್ನ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲೂ ಹಾಗೇ ಇದೆ. ಆದರೆ ಆನ್‌ಲೈನ್ ಸ್ಕಾಲರ್‌ಶಿಪ್ ಅರ್ಜಿ ‘ವಿಶೇಷ ಚಿಹ್ನೆಗಳಿಗೆ ಅವಕಾಶವಿಲ್ಲ’ ಎಂದಿತು. “ತೆಗೆದುಬಿಡಮ್ಮಾ” ಅಂದರು ಸೈಬರ್ ಸೆಂಟರ್ ಅಣ್ಣ. ತೆಗೆದೆ. ಹೆಸರು ಹೊಂದುತ್ತಿಲ್ಲವೆಂದು ಅರ್ಜಿ ವಾಪಸ್ ಬಂತು.

ಸೆಬಾ ತರಗತಿಯಲ್ಲಿ ಎಸ್‌ಕ್ಯೂಎಲ್ ಕಲಿತ ಮೇಲೆ ಕಾರಣ ಹೊಳೆಯಿತು. ಡೇಟಾಬೇಸ್‌ಗೆ ಕೊಡುವ ಆದೇಶದಲ್ಲಿ ಹೆಸರನ್ನು ಇದೇ ( ' ) ಚಿಹ್ನೆಗಳ ನಡುವೆ ಇಡುತ್ತಾರೆ. ಹೆಸರಿನೊಳಗೂ ಅದು ಬಂದರೆ ಹೆಸರು ಅಲ್ಲಿಗೇ ಮುಗಿಯಿತೆಂದುಕೊಂಡು ಕಂಪ್ಯೂಟರ್ ಉಳಿದದ್ದನ್ನು ಆದೇಶವಾಗಿ ಓದುತ್ತದೆ. ಕಳ್ಳರು ನುಗ್ಗುವ ಬಾಗಿಲೂ ಇದೇ. ಭಯ ಸುಳ್ಳಲ್ಲ, ಒಪ್ಪುತ್ತೇನೆ.

ಆದರೆ ಚಿಹ್ನೆಯನ್ನು ನಿಷೇಧಿಸುವುದು ಸೋಮಾರಿತನ. ಆದೇಶವನ್ನು ಮೊದಲೇ ಸಿದ್ಧಮಾಡಿ, ಹೆಸರನ್ನು ಬೇರೆಯಾಗಿ ಕಳಿಸುವ ವಿಧಾನ ಎಂದೋ ಬಂದಿದೆ. ಕಾಮರ್ಸ್ ಭಾಷೆಯಲ್ಲಿ ಹೇಳುವುದಾದರೆ, ಚೆಕ್ಕಿನ ಹೆಸರಿನ ಸಾಲಿನಲ್ಲಿ ಏನೇ ಬರೆದರೂ ಯಾರೂ ಅದನ್ನು ಮೊತ್ತವೆಂದು ಓದುವುದಿಲ್ಲವಲ್ಲ, ಹಾಗೆ. ಮತ್ತೆ ತೆರೆಯ ಮೇಲೆ ತೋರಿಸುವಾಗ < ಮತ್ತು & ನಂಥವನ್ನು ಎಸ್ಕೇಪ್ ಮಾಡಿದರಾಯಿತು. ಹೆಸರು ಇದ್ದ ಹಾಗೇ ಉಳಿಯುತ್ತದೆ.

ಯಾರೋ ಇಷ್ಟು ಮಾಡದ್ದಕ್ಕೆ ನಮ್ಮ ಅಬ್ಬಾ ಗ್ಯಾರೇಜ್ ಮುಚ್ಚಿ, ಎರಡೂ ಹೆಸರು ನನ್ನದೇ ಎಂದು ಅಫಿಡವಿಟ್ ಮಾಡಿಸಲು ನೋಟರಿ ಬಳಿ ಅರ್ಧ ದಿನ ಕುಳಿತರು.