ಕಂಪನಿ ಎಂಬ ಮಾತು

ಇಂಗ್ಲಿಷಿನಿಂದ ಬಂದು, ಬಂದ ದಾರಿಯೇ ಮರೆತುಹೋಗುವಷ್ಟು ನಮ್ಮದಾಗಿಬಿಟ್ಟ ಮಾತುಗಳಲ್ಲಿ ‘ಕಂಪನಿ’ ಎಂಬುದೊಂದು. ನೌಕರಿಗೆ ಹೊರಟ ಮಗ ಕಂಪನಿಗೆ ಹೋಗುತ್ತಾನೆ. ಅಂಗಡಿಯವನು ತನ್ನ ಸರಕನ್ನು ಕಂಪನಿ ಮಾಲೆಂದು ಹೊಗಳುತ್ತಾನೆ. ಪೇಟೆಗೆ ಒಬ್ಬನೇ ಹೋಗಲೊಲ್ಲದವನು ಗೆಳೆಯನನ್ನು ಕಂಪನಿ ಕೊಡೆಂದು ಕರೆಯುತ್ತಾನೆ. ಇಷ್ಟೊಂದು ಅರ್ಥಗಳಿಗೆ ಒಂದೇ ಶಬ್ದ ಹೇಗೆ ಒದಗಿತೆಂಬುದು ವಿಚಾರಮಾಡತಕ್ಕ ವಿಷಯ.

ಶಬ್ದದ ಬೇರು ಲ್ಯಾಟಿನ್ನಿನಲ್ಲಿದೆ. ಅಲ್ಲಿ ‘ಕಂ’ ಎಂದರೆ ಕೂಡ, ‘ಪಾನಿಸ್’ ಎಂದರೆ ರೊಟ್ಟಿ. ರೊಟ್ಟಿಯನ್ನು ಹಂಚಿ ತಿಂದವನೇ ಜೊತೆಗಾರ. ಈ ಮಾತು ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದು, ಜೊತೆಗಾರರ ಗುಂಪು, ಸೈನಿಕರ ತುಕಡಿ, ಬಂಡವಾಳ ಕೂಡಿಸಿದ ವರ್ತಕರ ಕೂಟ ಎಂದು ಅರ್ಥವನ್ನು ಬೆಳೆಸಿಕೊಂಡಿತು. ಸಹಭೋಜನಕ್ಕೆ ‘ಸಗ್ಧಿ’ ಎಂಬ ಪದವನ್ನು ಅಮರಕೋಶ ಹೇಳುತ್ತದೆ. ‘ಅನ್ನದ ಋಣ’ವೆಂಬ ನಮ್ಮ ನುಡಿಯೂ ಇದೇ ಭಾವದ್ದು.

ಆದರೆ ನಮ್ಮ ನಾಡಿಗೆ ಈ ಮಾತು ಊಟದ ಪಂಕ್ತಿಯಿಂದ ಬರಲಿಲ್ಲ. 1600ರ ಡಿಸೆಂಬರ್ 31ರಂದು ರಾಣಿ ಎಲಿಜಬೆತ್ತಳಿಂದ ಸನ್ನದು ಪಡೆದ ಈಸ್ಟ್ ಇಂಡಿಯಾ ಕಂಪನಿ ತಕ್ಕಡಿ ಹಿಡಿದು ಬಂದು ಕತ್ತಿ ಹಿಡಿದು ನಿಂತಿತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಿತು. ಟಿಪ್ಪುವಿನ ದಂಡಿಗೆ ಕುದುರೆ ಬೆಳೆಸುತ್ತಿದ್ದ ಕುಣಿಗಲಿನ ಲಾಯವೂ ಮುಂದೆ ಬ್ರಿಟಿಷರ ಕೈಸೇರಿತು. ಉಣ್ಣುವವರ ಕೂಟವನ್ನು ಹೇಳುತ್ತಿದ್ದ ಶಬ್ದ, ಇಲ್ಲಿ ಪರರ ಅನ್ನವನ್ನು ಕಸಿದವರ ಹೆಸರಾಯಿತು. 1858ರಲ್ಲಿ ಕಂಪನಿ ಸರ್ಕಾರ ಮುಗಿಯಿತು; ಮಾತು ಉಳಿಯಿತು.

ಉಳಿದ ಮಾತಿಗೆ ಹೊಸ ಬಾಳು ಕೊಟ್ಟದ್ದು ಕುಣಿಗಲಿನ ನೆರೆಯ ಗುಬ್ಬಿ. ಅಲ್ಲಿ 1884ರಲ್ಲಿ ಶ್ರೀ ಚನ್ನಬಸವೇಶ್ವರ ಸ್ವಾಮಿಯ ಹೆಸರಿನಲ್ಲಿ ಕಟ್ಟಿದ ನಾಟಕ ಮಂಡಳಿಯನ್ನು ಜನ ‘ಗುಬ್ಬಿ ಕಂಪನಿ’ಯೆಂದೇ ಕರೆದರು. ವೀರಣ್ಣನವರ ಕಾಲಕ್ಕೆ ಅದು ನಾಡಿನ ಮನೆಮಾತಾಯಿತು. ಊರಿಂದೂರಿಗೆ ಸಾಗುವ ನಾಟಕ ಕಂಪನಿಯೆಂದರೆ ಟಿಕೆಟ್ಟಿನ ವ್ಯವಹಾರ ಮಾತ್ರವಲ್ಲ. ನಟರು, ವಾದ್ಯದವರು, ಪರದೆ ಬರೆಯುವವರು ಒಂದೇ ಅಡುಗೆಮನೆಯಲ್ಲಿ ಉಂಡು ಒಟ್ಟಿಗೆ ಬಾಳಿದ ಸಂಸಾರ. ರಾಜ್‌ಕುಮಾರ್, ನರಸಿಂಹರಾಜು, ಬಿ. ವಿ. ಕಾರಂತರು ಅಂಥ ಆಶ್ರಯದಲ್ಲಿ ಕಲಿತವರು. ಲ್ಯಾಟಿನ್ ಅರಿಯದ ನಮ್ಮ ಜನ ಶಬ್ದಕ್ಕೆ ಅದರ ಮೊದಲಿನ ಅರ್ಥವನ್ನೇ ಮರಳಿಸಿದರೆಂಬುದು ನನಗೆ ಬೆರಗಿನ ಸಂಗತಿ.

ಹೀಗಿದ್ದೂ ಇಂದು ‘ಕಂಪನಿ ನಾಟಕ’ವೆಂಬುದು ಕೆಲವು ವಿಮರ್ಶಕರ ಬಾಯಲ್ಲಿ ಹೀಗಳೆಯುವ ಮಾತಾಗಿದೆ. ಅಬ್ಬರ, ಆಡಂಬರಗಳು ಆ ರಂಗಭೂಮಿಯಲ್ಲಿ ಇರಲಿಲ್ಲವೆಂದು ನಾನು ವಾದಿಸುವುದಿಲ್ಲ. ದೋಷವನ್ನು ದೋಷವೆಂದೇ ಹೇಳಲಿ. ಆದರೆ ನೂರಾರು ಮಂದಿಗೆ ಅನ್ನವನ್ನೂ ವಿದ್ಯೆಯನ್ನೂ ಕೊಟ್ಟ ಹೆಸರನ್ನು ಬೈಗುಳವಾಗಿ ಬಳಸುವುದು ಕೃತಘ್ನತೆ. ಪರಭಾಷೆಯದೆಂದು ಈ ಪದವನ್ನು ಹೊರಗಟ್ಟಬಯಸುವವರಿಗೂ ನನ್ನ ಉತ್ತರ ಇದೇ: ಹುಟ್ಟಿದ ಮನೆ ಬೇರೆಯಾದರೂ, ಬಾಳಿದ ಮನೆಯ ಹಕ್ಕು ಶಬ್ದಕ್ಕೂ ಉಂಟು.

ಉಪಾಧ್ಯಾಯರಲ್ಲಿ ಒಂದು ವಿನಂತಿ. ‘ಕಂಪನಿ’ಯೆಂದರೆ ವ್ಯಾಪಾರ ಸಂಸ್ಥೆಯೆಂದು ಬರೆಸಿ ಪಾಠ ಮುಗಿಸದಿರಿ. ತುಮಕೂರಿನ ಹುಡುಗರಿಗೆ ಸಿದ್ಧಗಂಗೆಯ ದಾಸೋಹದ ಪಂಕ್ತಿ ಕಾಣದ ನೋಟವಲ್ಲ. ಅಲ್ಲಿಂದಲೇ ಮಾತನ್ನು ಆರಂಭಿಸಿ ಗುಬ್ಬಿಗೆ ಕರೆದೊಯ್ಯಬಹುದು. ಒಟ್ಟಿಗೆ ಉಂಡವರು ಕಂಪನಿ. ನಿಘಂಟಿನ ಉಳಿದ ಅರ್ಥಗಳೆಲ್ಲ ಆಮೇಲಿನವು.