ಹೊಸಿಲಲ್ಲೇ ಒಡಪು ಏಕೆ?

ಉತ್ತರ ಕರ್ನಾಟಕದ ಮನೆಗಳಲ್ಲಿ ಹೊಸ ಸೊಸೆಯನ್ನು ಹೊಸಿಲಲ್ಲಿ ತಡೆದು, ಒಡಪು ಕಟ್ಟಿ ಗಂಡನ ಹೆಸರು ಹೇಳಿದ ಮೇಲೆಯೇ ಒಳಗೆ ಬಿಡುತ್ತಾರೆ. ಅದೊಂದು ಸೊಗಸು. ಆದರೆ ಊಟಕ್ಕೆ ಬಂದ ಪ್ರತಿಯೊಬ್ಬ ನೆಂಟನನ್ನೂ ಹೀಗೆ ನಿಲ್ಲಿಸಿದರೆ ಹೇಗೆ? ಇಂದಿನ 'ಪ್ರಾಯೋಗಿಕ' ಜಾಲತಾಣಗಳು ಮಾಡುತ್ತಿರುವುದು ಇದನ್ನೇ. ಪುಟ ತೆರೆದೊಡನೆ ಚಿತ್ರಗಳು ಕುಣಿಯುತ್ತವೆ, ಅಕ್ಷರಗಳು ಹಾರುತ್ತವೆ. ನಮಗೆ ಬೇಕಾದ ವಿಳಾಸ, ವೇಳೆ, ಟಿಕೇಟಿನ ದರ ಮಾತ್ರ ಎಲ್ಲಿ ಅಡಗಿವೆಯೋ ತಿಳಿಯದು. "ನೋಡುಗರು ಹೆಚ್ಚು ಹೊತ್ತು ತೊಡಗಿಕೊಂಡಿರುತ್ತಾರೆ" ಎಂಬುದು ಇದರ ಸಮರ್ಥನೆ. ಸ್ವಾಮಿ, ದಾರಿ ತಪ್ಪಿದವನೂ ಹೆಚ್ಚು ಹೊತ್ತು ಬೀದಿಯಲ್ಲಿರುತ್ತಾನೆ. ಅದನ್ನು ಊರಿನ ಮೇಲಣ ಪ್ರೀತಿ ಎನ್ನೋಣವೇ?

ಪ್ರಯೋಗವೇ ಕೂಡದೆಂದು ನಮ್ಮ ವಾದವಲ್ಲ. 2012ರಲ್ಲಿ ಆರಂಭವಾದ ಕೊಚ್ಚಿ-ಮುಜಿರಿಸ್ ಬಿಯೆನಾಲೆಗೆ ಜನ ಹೋಗುವುದು ಬೆರಗಾಗಲೆಂದೇ. ಕಲಾಕೃತಿಯಾಗಿ ಕಟ್ಟಿದ ಜಾಲತಾಣ ನಮ್ಮನ್ನು ಅಲೆಸಲಿ, ಆಕ್ಷೇಪವಿಲ್ಲ. ಟಿಕೇಟಿನ ಕಿಟಕಿಯೂ ಒಗಟಾಗಬೇಕೇ?

ಒಳ್ಳೆಯ ಪ್ರಯೋಗಕ್ಕೆ ಮಾದರಿ ನಮ್ಮೂರಲ್ಲೇ ಇದೆ. 2023ರ ಏಪ್ರಿಲ್‌ನಲ್ಲಿ ಆರಂಭವಾದ ಕೊಚ್ಚಿಯ ವಾಟರ್ ಮೆಟ್ರೋ ನೋಡಿ. ಅದರ ತೇಲುವ ಜೆಟ್ಟಿ ನೀರಿನ ಉಬ್ಬರವಿಳಿತದೊಡನೆ ತಾನೂ ಏರಿ ಇಳಿದು ದೋಣಿಯ ಮಟ್ಟಕ್ಕೇ ನಿಲ್ಲುತ್ತದೆ. ಅಜ್ಜಿ ಹಾರಬೇಕಿಲ್ಲ, ಗಾಲಿಕುರ್ಚಿಯೂ ಸಲೀಸಾಗಿ ಒಳಸೇರುತ್ತದೆ. ಎಂಜಿನಿಯರರ ಶ್ರಮ ದೊಡ್ಡದು, ಪ್ರಯಾಣಿಕನಿಗೆ ಅದರ ಭಾರವಿಲ್ಲ.

ಕುಣಿತದ ಆಯಸ್ಸಾದರೂ ಎಷ್ಟು? ಒಂದು ಕಾಲಕ್ಕೆ ಫ್ಲ್ಯಾಶ್ ತಂತ್ರದ ತಾಣಗಳೇ ಮಹಾಪ್ರಯೋಗವೆನಿಸಿದ್ದವು. 2020ರ ಡಿಸೆಂಬರ್ 31ಕ್ಕೆ ಅಡೋಬಿ ಸಂಸ್ಥೆ ಅದಕ್ಕೆ ಬೆಂಬಲ ನಿಲ್ಲಿಸಿತು, ಆಟ ಮುಗಿಯಿತು. 1991ರಲ್ಲಿ ಟಿಮ್ ಬರ್ನರ್ಸ್-ಲೀ ರೂಪಿಸಿದ ಮೊದಲ ತಾಣದ ಸರಳ ಅಕ್ಷರಗಳು ಇಂದಿಗೂ ಓದಲು ಸಿಗುತ್ತವೆ.

2025ರ ಆಗಸ್ಟ್ 21ರಂದು ತಿರುವನಂತಪುರದಲ್ಲಿ ಕೇರಳವನ್ನು ಸಂಪೂರ್ಣ ಡಿಜಿಟಲ್ ಸಾಕ್ಷರ ರಾಜ್ಯವೆಂದು ಘೋಷಿಸಲಾಯಿತು. ಇಳಿವಯಸ್ಸಿನವರೂ ಕಷ್ಟಪಟ್ಟು ಫೋನು ಹಿಡಿಯಲು ಕಲಿತರು. ಇನ್ನು ಕಲಿಯಬೇಕಾದವರು ತಾಣ ಕಟ್ಟುವವರು.

ಟೆಕ್ನೋಪಾರ್ಕ್, ಇನ್ಫೋಪಾರ್ಕ್‌ಗಳಲ್ಲಿ ದುಡಿಯುವ ನಮ್ಮ ತರುಣ ತರುಣಿಯರಲ್ಲಿ ಒಂದು ಬಿನ್ನಹ. ಕನ್ನಡವನ್ನು ಚಿತ್ರವಾಗಿ ಅಂಟಿಸದೆ ಯೂನಿಕೋಡ್ ಅಕ್ಷರವಾಗಿಯೇ ಇಡಿ. ಹುಡುಕಿದರೆ ಸಿಗಲಿ, ಕಣ್ಣು ಕಾಣದವರಿಗೆ ಯಂತ್ರ ಓದಿ ಹೇಳಲಿ. ಕುಣಿಯುವ ಚಿತ್ರಕ್ಕೆ ನಿಲ್ಲಿಸುವ ಗುಂಡಿ ಕೊಡಿ. ತಾಣ ತೆರೆಯುವ ಮುನ್ನ ಮನೆಯ ಹಿರಿಯರ ಕೈಗೆ ಫೋನು ಕೊಟ್ಟು, ತುಟಿ ಬಿಚ್ಚದೆ ಪಕ್ಕದಲ್ಲಿ ಕುಳಿತು ನೋಡಿ. ಅವರು ತಡವರಿಸಿದಲ್ಲೆಲ್ಲ ತಪ್ಪು ನಿಮ್ಮದು, ಅವರದಲ್ಲ.