ಕನ್ವರ್ಟರ್ ಕಟ್ಟಿಕೊಂಡರೆ ತಪ್ಪು ಅದರದ್ದಲ್ಲ

"ಕನ್ವರ್ಟರ್ ಕಟ್ಕೊಂಡಿದೆ ಸಾರ್. ಒಳಗಿರೋದನ್ನ ಕುಟ್ಟಿ ತೆಗೆದ್ಬಿಡೋಣ, ಆಮೇಲೆ ಪಿಕಪ್ ನೋಡಿ!"

ಕಾರು ಏರು ಹತ್ತೋಕೆ ಒದ್ದಾಡ್ತಿದೆ ಅಂತ ಗ್ಯಾರೇಜಿಗೆ ಹೋದಾಗ ಸಿಕ್ಕ ಸಲಹೆ ಇದು. ಖರ್ಚೂ ಇಲ್ಲವಂತೆ, ತೆಗೆದದ್ದನ್ನು ಅವರೇ ಇಟ್ಕೋತಾರಂತೆ. ಇಟ್ಕೊಳ್ಳದೆ ಏನು! ಕ್ಯಾಟಲಿಟಿಕ್ ಕನ್ವರ್ಟರ್ ಒಳಗಿನ ಪಿಂಗಾಣಿ ಜೇನುಗೂಡಿಗೆ ಬಳಿದಿರೋದು ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ. ಅದರ ಬೆಲೆ ಗುಜರಿಯವರಿಗೆ ಗೊತ್ತು, ನಮಗೆ ಗೊತ್ತಿಲ್ಲ, ಅಷ್ಟೇ.

ನಾನು ಬೇಡ ಅಂದೆ.

ನಮ್ಮ ಸಾಸಲಿನಲ್ಲಿ ಕಾರು ಓಡೋ ರೀತಿ ನೋಡಿ. ಬೆಳಿಗ್ಗೆ ಡೇರಿಗೆ, ಆಮೇಲೆ ತೋಟಕ್ಕೆ, ಸಂಜೆ ಅಂಗಡಿಗೆ. ಕನ್ವರ್ಟರ್ ಕೆಲಸ ಶುರು ಮಾಡೋಕೆ ಸುಮಾರು 250-300 ಡಿಗ್ರಿ ಬಿಸಿಯಾಗಬೇಕು, ಅಷ್ಟರೊಳಗೆ ನಾವು ಕೀ ತೆಗೆದಿರ್ತೀವಿ. ತಣ್ಣಗಿರೋ ಇಂಜಿನ್ ಪೆಟ್ರೋಲ್ ಜಾಸ್ತಿ ಕುಡಿಯುತ್ತೆ, ಪೂರ್ತಿ ಉರಿಯದೆ ಮಸಿ ಒಳಗೆ ಕೂರುತ್ತೆ. ಇದಕ್ಕೆ ಮದ್ದು ಸುಲಭ. ವಾರಕ್ಕೊಮ್ಮೆ ದೊಡ್ಡಬಳ್ಳಾಪುರದವರೆಗೆ ಒಂದೇ ಸಮನೆ ಓಡಿಸಿಕೊಂಡು ಬಂದರೆ ಆ ಮಸಿ ಬಹುಪಾಲು ತಾನೇ ಸುಟ್ಟುಹೋಗುತ್ತೆ. (ಸಾಮಾನು ತಂದಂಗೂ ಆಯ್ತು :))

ಆದರೆ ನನ್ನ ಕಾರಿನ ಕಾಯಿಲೆ ಬೇರೆ. ವರ್ಷದಿಂದ ಆಯಿಲ್ ಕಮ್ಮಿಯಾಗ್ತಾ ಇತ್ತು. ಎಲ್ಲಿ ಹೋಗುತ್ತೆ ಅಂತ ಕೇಳದೆ ಸುರೀತಾ ಇದ್ದೆ! ಉರಿದ ಆಯಿಲ್‌ನಲ್ಲಿರೋ ರಂಜಕ ಆ ಲೇಪನದ ಮೇಲೆ ಪದರ ಕಟ್ಟುತ್ತೆ, ಅದು ಮಸಿ ಥರ ಸುಟ್ಟು ಹೋಗಲ್ಲ. ಕೂಲೆಂಟ್ ಇಂಜಿನ್ ಒಳಗೆ ಸೋರಿದರೂ ಇದೇ ಗತಿ. ಪ್ಲಗ್ಗೋ ಕಾಯಿಲ್ಲೋ ಕೆಟ್ಟು ಇಂಜಿನ್ ಮಿಸ್ ಹೊಡೀತಿದ್ರಂತೂ ಇನ್ನೂ ಕೆಟ್ಟದ್ದು. ಉರಿಯದ ಪೆಟ್ರೋಲ್ ಕನ್ವರ್ಟರ್ ಒಳಗೆ ಹೋಗಿ ಉರಿಯುತ್ತೆ, ಜೇನುಗೂಡೇ ಕರಗಿ ಮುದ್ದೆಯಾಗುತ್ತೆ. ಡ್ಯಾಶ್‌ಬೋರ್ಡಿನ ಇಂಜಿನ್ ದೀಪ ಮಿಣಕ್ ಮಿಣಕ್ ಅಂತಿದ್ರೆ "ನಾಳೆ ತೋರಿಸೋಣ" ಅನ್ನಬೇಡಿ. ಅದರಲ್ಲೂ ಸುಗ್ಗಿ ಕಾಲದಲ್ಲಿ! ರಸ್ತೆ ಮೇಲೆ ಒಕ್ಕಣೆಗೆ ಹರಡಿದ ಹುರುಳಿ ಬಳ್ಳಿ ಗಾಡಿಯಡಿ ಸುತ್ತಿಕೊಂಡು ಕಾರುಗಳೇ ಹೊತ್ತಿ ಉರಿದದ್ದನ್ನು ಪೇಪರಲ್ಲಿ ಓದಿದ್ದೀವಿ. ಕೆಳಗೆ ಕೆಂಡದಂಥ ಕನ್ವರ್ಟರ್ ಬೇರೆ ಇದ್ದರೆ?

ಕುಟ್ಟಿ ತೆಗೆಸಿದ್ರೆ ಕಾರು ಎಳೆಯುತ್ತೆ, ಸುಳ್ಳಲ್ಲ. ಆದರೆ ಆಯಿಲ್ ಕುಡಿಯೋದು ನಿಲ್ಲುತ್ತಾ? ಕಾರ್ಬನ್ ಮಾನಾಕ್ಸೈಡ್ ಹಾಗೇ ಹೊರಗೆ ಬರುತ್ತೆ, ನಮ್ಮನೆ ಅಂಗಳದಲ್ಲೇ. ಎಮಿಷನ್ ಟೆಸ್ಟ್ ಪಾಸಾಗೋದು ಕಷ್ಟ. 2019ರ ತಿದ್ದುಪಡಿ ಪ್ರಕಾರ ಹೊಗೆಯ ಮಿತಿ ಮೀರಿದರೆ ದಂಡ 10,000 ರೂಪಾಯಿವರೆಗೂ ಇದೆ.

"ಹಿಂದೆ ಇದಿಲ್ಲದೆ ಕಾರು ಓಡ್ತಿರಲಿಲ್ವಾ?" ಅಂತಾರೆ. ಓಡ್ತಿತ್ತು, ಸೀಸ ಬೆರೆಸಿದ ಪೆಟ್ರೋಲ್‌ನಲ್ಲಿ. ಸೀಸ ಕನ್ವರ್ಟರನ್ನು ಕೆಡಿಸುತ್ತೆ ಅಂತಲೇ, 1995ರಲ್ಲಿ ನಾಲ್ಕು ಮಹಾನಗರಗಳ ಹೊಸ ಕಾರುಗಳಿಗೆ ಅದು ಕಡ್ಡಾಯವಾದಾಗ ಸೀಸರಹಿತ ಪೆಟ್ರೋಲೂ ಜೊತೆಗೇ ಬಂತು. 2000ದ ಫೆಬ್ರವರಿ ಹೊತ್ತಿಗೆ ಇಡೀ ದೇಶಕ್ಕೆ ಬಂತು. ನಮ್ಮ ಮಕ್ಕಳ ರಕ್ತಕ್ಕೆ ಸೀಸ ಸೇರೋದು ಕಮ್ಮಿಯಾಗಿದ್ದರಲ್ಲಿ ಈ ಡಬ್ಬಿಯ ಪಾಲೂ ಇದೆ.

ಕೊನೆಗೆ ಬೇರೆ ಕಡೆ ಮೊದಲು ವಾಲ್ವ್ ಸೀಲ್ ಹಾಕಿಸಿದೆ, ಆಮೇಲೇ ಹೊಸ ಕನ್ವರ್ಟರ್. ಹಿಂದುಮುಂದು ಮಾಡಿದ್ರೆ ಹೊಸದೂ ಹಾಳಾಗ್ತಿತ್ತು. ಜೇಬಿಗೆ ಚೆನ್ನಾಗೇ ಕತ್ತರಿ ಬಿತ್ತು... ಈಗ ಭಾನುವಾರ ಬೆಳಿಗ್ಗೆ ಡಿಪ್‌ಸ್ಟಿಕ್ ಎಳೆದು ನೋಡದೆ ಕಾಫಿ ಇಳಿಯಲ್ಲ. ನಾಲ್ಕು ವಾರ ಆಯ್ತು, ಆಯಿಲ್ ಗೆರೆ ಇದ್ದಲ್ಲೇ ಇದೆ.